ಬದುವಿನ ಮೇಲಿಂದ ತೆಗೆದ ಫೋಟೋ

ಮೊನ್ನೆ ನಂಗವಳ್ಳಿಯ ನಮ್ಮ ಮನೆಯಲ್ಲಿ ಸೊಸೆ ಮಗುವಿಗೆಂದು ರಾಗಿ ಹುರಿಯುತ್ತಿದ್ದಳು. ಫೋನ್ ಬಂತು, ಅವಳು ಅತ್ತ ಹೋದಳು, ಇತ್ತ ಬಾಣಲೆಯ ರಾಗಿ ಸೀದುಹೋಯಿತು. ನಾನು ಕೂತಲ್ಲಿಂದ ಎದ್ದು ಬೀದಿಗೆ ಬಂದುಬಿಟ್ಟೆ. ಅವಳು ಹಿಂದೆಯೇ ಓಡಿಬಂದು, "ಏನತ್ತೆ, ಒಂದು ಹಿಡಿ ರಾಗಿ ಸೀದಿದ್ದಕ್ಕೆ ಇಷ್ಟು ಕೋಪಾನಾ?" ಎಂದಳು. ಕೋಪವೇನೂ ಇರಲಿಲ್ಲ. ರಾಗಿ ಹುರಿದ ವಾಸನೆ ಬೇರೆ, ಸೀದ ವಾಸನೆ ಬೇರೆ. ಮೊದಲನೆಯದಕ್ಕೆ ಬಾಯಲ್ಲಿ ನೀರೂರುತ್ತದೆ, ಎರಡನೆಯದಕ್ಕೆ ಗಂಟಲು ಕಟ್ಟುತ್ತದೆ. ಆದರೆ ಎರಡರ ನಡುವೆ ಒಂದು ಗಳಿಗೆ ಇದೆ ನೋಡಿ, ಅದು ಒಳ್ಳೆಯ ವಾಸನೆಯೋ ಕೆಟ್ಟದ್ದೋ ಗೊತ್ತಾಗದ ಗಳಿಗೆ. ಆ ವಾಸನೆ ನನಗೆ ಆಗುವುದಿಲ್ಲ. ನನ್ನ ತವರಿನ ಹೊಲದಲ್ಲಿ ಒಂದು ಸುಗ್ಗಿಯಲ್ಲಿ ಅದು ದಿನಗಟ್ಟಲೆ ನಿಂತಿತ್ತು.

ತವರು ಮಾರಂಡಹಳ್ಳಿಯ ಹತ್ತಿರ. ರೈಲ್ವೆ ಸ್ಟೇಷನ್ ದಾಟಿ ರಾಯಕೋಟೆ ಕಡೆಗೆ ಹಳಿ ಹಿಡಿದು ನಡೆದರೆ ಒಂದು ಕಲ್ವರ್ಟು, ಹಳಿಯ ಕೆಳಗಿನ ಸಣ್ಣ ಮೋರಿ, ಬರುತ್ತದೆ. ಅದರ ಪಕ್ಕದಿಂದ ಶುರುವಾಗುವ ಹೊಲ ನಮ್ಮದು. ಅಲ್ಲಿ ಹಳಿ ಏರು. ಸಣ್ಣ ಗೇಜಿನ ಕಾಲ ಅದು, ತೊಂಬತ್ತರ ದಶಕದ ಮೊದಲ ವರ್ಷಗಳು. ಬೆಳಿಗ್ಗೆ ಧರ್ಮಪುರಿ ಕಡೆಗೆ ಇಳಿಯುವ ಗಾಡಿ ಸದ್ದಿಲ್ಲದೆ ಜಾರಿ ಹೋಗುತ್ತಿತ್ತು. ಮಧ್ಯಾಹ್ನದ ಮೇಲೆ ಏರುವ ಗಾಡಿ ಮಾತ್ರ ಊರಿಗೇ ಕೇಳುವಂತೆ ಏದುಸಿರು ಬಿಡುತ್ತಾ, ಕಪ್ಪು ಹೊಗೆ ಕಾರುತ್ತಾ ಬರುತ್ತಿತ್ತು. ಒಗೆದ ಬಟ್ಟೆಯನ್ನು ಹೊಲದ ಬದಿಯಲ್ಲಿ ಒಣಹಾಕಿದರೆ ಸಂಜೆಗೆ ಮತ್ತೆ ಒಗೆಯಬೇಕು.

ಊರು ತಮಿಳುನಾಡಿನದು, ನಮ್ಮದು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ನಾನು ಕನ್ನಡ ಬರೆಯಲು ಕಲಿತದ್ದು ಆನೇಕಲ್ಲಿನಲ್ಲಿ, ಸೋದರಮಾವನ ಮನೆಯಲ್ಲಿದ್ದಾಗ. ಆ ವರ್ಷ ಓದು ಮುಗಿಸಿ ಮನೆಗೆ ಬಂದಿದ್ದೆ. ಮದುವೆಯ ಮಾತು ನಡೆಯುತ್ತಿತ್ತು, ಅದು ಕುದುರುವವರೆಗೆ ಹೊಲದ ಕೆಲಸ. ಅಪ್ಪ ಮುನಿಯಪ್ಪ, ಅವ್ವ, ನಾನು. ನನ್ನ ಅಣ್ಣ ಮಾದೇಶ ಮನೆಯಲ್ಲಿರಲಿಲ್ಲ. ಆದರೂ ದಿನಾ ನಮ್ಮ ಹೊಲದ ಪಕ್ಕದಲ್ಲೇ ಹಾದುಹೋಗುತ್ತಿದ್ದ. ಆ ಏರುಗಾಡಿಯ ಇಂಜಿನ್ನಿನಲ್ಲಿ ಅವನು ಫೈರ್‌ಮನ್, ಒಲೆಗೆ ಕಲ್ಲಿದ್ದಲು ಹಾಕುವವನು.

ಅವನು ರೈಲ್ವೆಗೆ ಸೇರಿದ್ದಕ್ಕೆ ಅಪ್ಪನಿಗೆ ಸಿಟ್ಟು ಅಂತ ಊರೆಲ್ಲ ಅಂದುಕೊಂಡಿತ್ತು. ಅದು ಪೂರ್ತಿ ನಿಜವಲ್ಲ. ಕೆಲಸದ ಆರ್ಡರು ಬಂದ ದಿನ ಮಾದೇಶ ಹೊಲ ಉಳುತ್ತಿದ್ದ. ಯಾರೋ ಸ್ಟೇಷನ್ನಿನಿಂದ ಓಡಿಬಂದು, "ಈಗ್ಲೇ ಈ ಗಾಡಿಗೇ ಓಗ್ಬೇಕಂತೆ" ಅಂದರು. ಗಾಡಿ ಸ್ಟೇಷನ್ನಿನಲ್ಲಿ ನಿಂತಿತ್ತು, ಕೂಗುತ್ತಿತ್ತು. ಇವನು ಎತ್ತುಗಳ ಕೊರಳು ಬಿಚ್ಚಿ, ನೇಗಿಲನ್ನು ಸಾಲಿನ ನಡುವೆಯೇ ಊರಿ, ಓಡಿಬಿಟ್ಟ. ನಮ್ಮಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಹಿಡಿದ ಸಾಲನ್ನು ಬದು ಮುಟ್ಟಿಸದೆ ನೇಗಿಲು ಬಿಡಬಾರದು. ಮನೆಯಲ್ಲಿ ಹೆಣ ಬಿದ್ದರೂ ಆ ಸಾಲು ಮುಗಿಸಿ ಬಾ ಅನ್ನುವ ಜನ ನಾವು. ಅಪ್ಪ ಹೋಗಿ ಎತ್ತು ಕಟ್ಟಿ ಆ ಅರ್ಧ ಸಾಲನ್ನು ತಾನೇ ಮುಗಿಸಿದ. ಅಂದಿನಿಂದ ಮಗನ ಹೆಸರು ಅವನ ಬಾಯಲ್ಲಿ ಬರಲಿಲ್ಲ.

"ಓದ್ರೆ ಓಗ್ಲಿ. ಸಾಲು ಮುಗಿಸಿ ಓಗ್ಬೋದಿತ್ತಲ್ಲ. ರೈಲು ಇವನ ಮಾವಂದಾ, ಇವನಿಗೆ ಕಾಯಕ್ಕೆ?" ಅವ್ವ ಮಗನ ಮಾತು ತೆಗೆದಾಗಲೆಲ್ಲ ಅಪ್ಪನ ಉತ್ತರ ಇದೇ.

"ರೈಲು ಕಾಯಲ್ಲ ಅಂತ ನೀನೇ ಅಂತೀಯಲ್ಲ. ಇನ್ನೇನು ಮಾಡ್ಬೇಕಿತ್ತು ಮಗು?" ಅವ್ವ ಬಿಡುತ್ತಿರಲಿಲ್ಲ.

"ಮಗುವಂತೆ. ಎತ್ತೋರಿಗೆ ಎಗ್ಗಣ ಮುದ್ದು."

ಮಾದೇಶ ಒಂದೆರಡು ಸಲ ಮನೆಗೆ ಬಂದ. ಅಪ್ಪ ಹಿತ್ತಲ ಬಾಗಿಲಿನಿಂದ ಎದ್ದು ಹೋದ. ಆಮೇಲೆ ಅವನೂ ಬರುವುದು ಬಿಟ್ಟ, ಧರ್ಮಪುರಿಯಲ್ಲೇ ರೂಮು ಮಾಡಿದ. ಇಬ್ಬರೂ ಒಂದೇ ಕಲ್ಲಿನ ಎರಡು ಚೂರು. ಏರುಗಾಡಿ ಕೂಗಿದರೆ ಸಾಕು, ಅಪ್ಪ ಕಳೆ ಕೀಳುತ್ತಿರಲಿ, ಉಳುತ್ತಿರಲಿ, ಹಳಿಗೆ ಬೆನ್ನು ಹಾಕಿ ನಿಂತು ತಲೆವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಳ್ಳಲು ಶುರುಮಾಡುತ್ತಿದ್ದ. ಗಾಡಿಯ ಕೊನೆಯ ಡಬ್ಬಿ ದಾಟುವವರೆಗೆ ಆ ತಲೆವಸ್ತ್ರ ಸರಿಯಾಗುತ್ತಿರಲಿಲ್ಲ. ಅವ್ವ ಮಾತ್ರ ಬದುವಿನ ಮೇಲೆ ನಿಂತು ಕೈ ಆಡಿಸುತ್ತಿದ್ದಳು. ಮಾದೇಶ ಕಿಟಕಿಯಿಂದ ಒಂದು ಪೊಟ್ಟಣ ಎಸೆಯುತ್ತಿದ್ದ. ಖಾರಾಬೂಂದಿ, ಒಮ್ಮೊಮ್ಮೆ ಬಿಸಿ ಆರದ ಬೋಂಡ. ಅಪ್ಪ "ನಾಯಿಗಾಕು" ಅನ್ನುತ್ತಿದ್ದ. ನಾನೂ ಅವ್ವನೂ ಹುಣಸೆ ಮರದ ಹಿಂದೆ ಕೂತು ತಿನ್ನುತ್ತಿದ್ದೆವು.

ಆ ವರ್ಷ ಮಳೆ ಹೇಳಿ ಮಾಡಿಸಿದ ಹಾಗೆ ಬಂತು. ರಾಗಿಯ ನಡುವೆ ಸಾಲು ಬಿಟ್ಟು ಹಾಕಿದ್ದ ಹುಚ್ಚೆಳ್ಳು ಹೊಲದ ತುಂಬ ಹಳದಿ ಹೂ ಬಿಟ್ಟಿತ್ತು. ಅವರೆ ಬಳ್ಳಿ ಮೊಳಕಾಲೆತ್ತರ ಬಂದಿತ್ತು. ಅದೇ ಹೊತ್ತಿಗೆ ಸ್ಟೇಷನ್ನಿನಿಂದ ಸುದ್ದಿ ಬಂತು. ಹೊಸ ದೊಡ್ಡ ಹಳಿ ಹಾಕುತ್ತಾರಂತೆ, ಈ ಸುಗ್ಗಿ ಕಳೆದರೆ ಕಲ್ಲಿದ್ದಲಿನ ಇಂಜಿನ್ನು ಇರುವುದಿಲ್ಲವಂತೆ. ಸುದ್ದಿ ನಮಗಿಂತ ಮೊದಲು ಯಾವ ಯಾವುದೋ ಊರಿನವರಿಗೆ ಮುಟ್ಟಿತ್ತು. ಕ್ಯಾಮೆರಾ ಹೊತ್ತವರು ಬರಲು ಶುರುಮಾಡಿದರು.

ಮೊದಲು ಬಂದವರು ಜೀಪಿನಲ್ಲಿ ಬಂದರು. ಯಾವ ಭಾಷೆಯವರೋ. ಹಳದಿ ಹೂವಿನ ನಡುವೆ ಇಂಜಿನ್ನು ಕಾಣಬೇಕೆಂದು ಮೂರು ಕಾಲಿನ ಸ್ಟ್ಯಾಂಡು ಹಿಡಿದು ಹೊಲದೊಳಕ್ಕೇ ನುಗ್ಗಿದರು. ತೆನೆ ಹಾಲುಗಟ್ಟುವ ಸಮಯ. ಬೂಟುಗಾಲಿನ ಅಡಿ ರಾಗಿ ಮಲಗಿತು, ಅವರೆ ಬಳ್ಳಿ ಕಾಲಿಗೆ ಸುತ್ತಿ ಬೇರು ಸಮೇತ ಬಂತು. ಅಪ್ಪ ಕುಡುಗೋಲು ಹಿಡಿದೇ ಓಡಿದ.

"ಯಾವನ್ಲಾ ಅದು! ತೆನೆ ಬಂದ ಒಲ ಬಸುರಿ ಇದ್ದಂಗೆ ಕಣ್ರಲಾ! ಬಸುರಿ ಒಟ್ಟೆ ಮೇಲೆ ಬೂಟಲ್ಲಿ ನಿಂತ್ಕತೀರಾ? ಇರಂಗು, ವೆಳಿಯೇ ಪೋಂಗ, ಆಚೆಗೆ ನಡೀರ್ಲಾ!"

ಅವರಿಗೆ ಕನ್ನಡವೂ ತಿಳಿಯಲಿಲ್ಲ, ತಮಿಳೂ ತಿಳಿಯಲಿಲ್ಲ. ಕುಡುಗೋಲು ತಿಳಿಯಿತು. ಹೋದರು. ಅಪ್ಪ ಸಂಜೆಯವರೆಗೆ ಮಲಗಿದ ರಾಗಿಯನ್ನು ಒಂದೊಂದಾಗಿ ಎತ್ತಿ ಮಣ್ಣು ಒತ್ತಿದ. ಅದರಲ್ಲಿ ಎದ್ದದ್ದು ಕಡಿಮೆ.

ಕೆಲವು ದಿನ ಕಳೆದ ಮೇಲೆ ಇನ್ನೊಬ್ಬರು ಬಂದರು, ಒಬ್ಬರೇ, ಸ್ಟೇಷನ್ನಿನಿಂದ ನಡೆದುಕೊಂಡು. ನೆತ್ತಿ ನರೆತ ಮನುಷ್ಯ, ಹೆಗಲಿಗೆ ಚರ್ಮದ ಚೀಲ. ಹೊಲದ ಅಂಚಿಗೆ ಬಂದು ಹಳಿಯ ಕಡೆಯೇ ನಿಂತರು, ಒಳಗೆ ಕಾಲಿಡಲಿಲ್ಲ. "ಯಜಮಾನ್ರೇ, ಬದುವಿನ ಮೇಲೆ ನಿಲ್ಲಬಹುದಾ? ಬೆಳೆ ತುಳಿಯೋದಿಲ್ಲ" ಅಂತ ಕನ್ನಡದಲ್ಲಿ ಕೇಳಿದರು.

ಕುಡುಗೋಲು ಎತ್ತಿದ್ದ ಅಪ್ಪನ ಮುಖ ಕನ್ನಡ ಕೇಳಿ ಅರಳಿತು. ಆದರೂ ಸಲೀಸಾಗಿ ಸೋಲುವ ಜಾತಿಯಲ್ಲ ಅವನು.

"ಬೂಟು?"

"ಬಿಚ್ತೀನಿ."

"ಬದುವಿನ ಮ್ಯಾಲೆ ತೊಗರಿ ಐತೆ."

"ಅದರ ಈ ಪಕ್ಕ ನಿಂತ್ಕೋತೀನಿ."

"ಇಂಜಿನ್ನು ಸರಿಯಾಗಿ ಬೀಳ್ದೆ ಓದ್ರೆ ಒಳಕ್ಕೆ ಇಳಿಯಂಗಿಲ್ಲ ಮತ್ತೆ."

"ಬೀಳದೇ ಹೋದ್ರೆ ಇನ್ನೊಂದು ದಿನ ಬರ್ತೀನಿ ಯಜಮಾನ್ರೇ. ರಾಗಿ ವರ್ಷಕ್ಕೊಂದೇ ಸಲ ಅಲ್ವಾ ಬರೋದು."

ಅಪ್ಪ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿದ. "ಲಚ್ಚೀ, ಮಜ್ಜಿಗೆ ತಗಂಬಾ" ಅಂದ. ಲಚ್ಚಿ ಅಂದರೆ ನಾನು.

ಅವರ ಹೆಸರು ಮೂರ್ತಿ. ಬೆಂಗಳೂರಿನ ಯಾವುದೋ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ರಜೆ ಸಿಕ್ಕಾಗಲೆಲ್ಲ ಬರತೊಡಗಿದರು. ಬರಿಗಾಲಲ್ಲಿ ಮುಳ್ಳು ತುಳಿಯುತ್ತಾ, "ಸ್ಸ್... ಹಾ" ಅನ್ನುತ್ತಾ ಬದುವಿನ ಮೇಲೆ ಅವರು ನಡೆಯುವುದನ್ನು ನೋಡಿ ನಾನೂ ಅವ್ವನೂ ನಗುತ್ತಿದ್ದೆವು. ಗಾಡಿ ಬರುವ ಮೊದಲು ಎಷ್ಟೋ ಹೊತ್ತು ಸುಮ್ಮನೆ ಕೂತಿರುತ್ತಿದ್ದರು. ಗಾಡಿ ಬಂದಾಗ ಅವರ ಮುಖದಲ್ಲಿ ಮಕ್ಕಳ ಸಂತೋಷ. ಇತ್ತ ಅಪ್ಪ ಬೆನ್ನು ತಿರುಗಿಸಿ ತಲೆವಸ್ತ್ರ ಬಿಚ್ಚುತ್ತಿದ್ದ. "ಯಾಕೆ ಯಜಮಾನ್ರು ರೈಲು ನೋಡೋದೇ ಇಲ್ಲ?" ಅಂತ ಅವರು ಒಂದು ದಿನ ಅವ್ವನನ್ನು ಕೇಳಿದರು. ಅವ್ವ ಎಲ್ಲವನ್ನೂ ಹೇಳಿದಳು. ಹೇಳಿ, "ಕೋಪದಾಗೆ ಕೊಯ್ದ ಮೂಗು ಮತ್ತೆ ಬತ್ತದಾ ಸ್ವಾಮಿ" ಅಂತ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಅವರೆಕಾಯಿ ಬಿಡಿಸುವ ಕಾಲಕ್ಕೆ ಮೇಷ್ಟ್ರು ಫೋಟೋಗಳನ್ನು ತಂದರು. ಬೆಳಗಿನ ಇಬ್ಬನಿ ಇನ್ನೂ ಆರಿರಲಿಲ್ಲ. ಕಾಯಿಯ ಸೊಗಡು ಕೈಗೆಲ್ಲ ಹತ್ತಿತ್ತು. ನಾವು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅವರು ಜಗಲಿಯ ಮೇಲೆ ಫೋಟೋಗಳನ್ನು ಹರಡಿದ್ದರು. ಅಪ್ಪ ದೂರದಲ್ಲಿ ಹಗ್ಗ ಹೊಸೆಯುತ್ತಾ ಕೂತ. ನೋಡುವುದಿಲ್ಲವಂತೆ.

ಮೇಷ್ಟ್ರು ಏನೂ ಒತ್ತಾಯ ಮಾಡಲಿಲ್ಲ. ಅವ್ವನಿಗೆ ಹೇಳುವ ಹಾಗೆ, ಅಪ್ಪನಿಗೆ ಕೇಳುವ ಹಾಗೆ ಹೇಳಿದರು. "ಒಂದು ವಿಷಯ ಹೇಳಬೇಕಮ್ಮ. ಏರಿನಲ್ಲಿ ಗಾಡಿ ಇರೋವಾಗ ಫೈರ್‌ಮನ್ನಿಗೆ ಉಸಿರಾಡೋಕೆ ಪುರಸೊತ್ತಿರಲ್ಲ. ಬಗ್ಗಿ ಕಲ್ಲಿದ್ದಲು ಹಾಕ್ತಾನೇ ಇರಬೇಕು. ನಿಮ್ಮ ಮಗ ಕಲ್ವರ್ಟಿಗೆ ಮೊದಲೇ ಎಲ್ಲ ಹಾಕಿ ಮುಗಿಸಿ, ಸರಿಯಾಗಿ ನಿಮ್ಮ ಹೊಲ ಬರೋ ಹೊತ್ತಿಗೆ ಕಿಟಕಿಗೆ ಬಂದುಬಿಡ್ತಾನೆ. ಹೊಲ ದಾಟಿದ ಮೇಲೆ ಮತ್ತೆ ಬಗ್ತಾನೆ. ನಾನು ನೋಡಿದ ಯಾವ ದಿನವೂ ತಪ್ಪಿಲ್ಲ."

ಹಗ್ಗ ಹೊಸೆಯುವ ಕೈ ನಿಂತಿತು. ಅಪ್ಪ ಎದ್ದು ಬಂದ. ಕೂರಲಿಲ್ಲ, ನಿಂತೇ ನೋಡಿದ. ಎಲ್ಲ ಫೋಟೋಗಳಲ್ಲೂ ಅಪ್ಪನ ಬೆನ್ನು ಇತ್ತು. ಎಲ್ಲದರಲ್ಲೂ ಇಂಜಿನ್ನಿನ ಕಿಟಕಿಯಲ್ಲಿ ಮಾದೇಶನ ಮುಖ ಇತ್ತು. ಹಳಿ ನೋಡುತ್ತಿರಲಿಲ್ಲ ಅವನು, ಕೈ ಆಡಿಸುವ ಅವ್ವನನ್ನೂ ನೋಡುತ್ತಿರಲಿಲ್ಲ. ಮಸಿ ಮೆತ್ತಿದ ಮುಖದಲ್ಲಿ ಬೆಳ್ಳಗೆ ಕಾಣುವ ಆ ಕಣ್ಣುಗಳೆರಡೂ ಅಪ್ಪನ ಬೆನ್ನಿನ ಮೇಲಿದ್ದವು.

ಅಪ್ಪ ಹೊಲಕ್ಕೆ ಹೋದ. ಆ ದಿನ ಏರುಗಾಡಿ ಬಂದಾಗಲೂ ಬೆನ್ನೇ. ರೂಢಿ ಅಷ್ಟು ಬೇಗ ಬಿಡುತ್ತದೆಯೇ? ಆದರೆ ಗಾಡಿ ಹೋದ ಮೇಲೆ ಹುಣಸೆ ಮರದ ಹಿಂದಕ್ಕೆ ಬಂದು, ಬಾಯಿ ತುಂಬಿಕೊಂಡಿದ್ದ ನಮ್ಮ ಮುಂದೆ ಕೈ ಚಾಚಿದ. "ಆ ಪೊಟ್ಟಣ ಕೊಡಿಲ್ಲಿ. ಏನಾಕವ್ನೆ ನೋಡನ."

ಬೋಂಡ ತಣ್ಣಗಾಗಿತ್ತು. ಅಪ್ಪ ಅದನ್ನು ನಿಧಾನವಾಗಿ ಅಗಿದು ತಿಂದ. ಅವ್ವ ಅಳುತ್ತಾ ನಗುತ್ತಾ ನನ್ನ ತೊಡೆ ಚಿವುಟಿದಳು. ನೀಲಿಗಟ್ಟಿತು, ಇಂದಿಗೂ ನೆನಪಿದೆ.

ಕೊಯ್ಲು ಶುರುವಾಯಿತು. ನಮ್ಮ ಕಡೆ ಕೊಯ್ದ ರಾಗಿಯನ್ನು ತೆನೆಯ ಸಮೇತ ಕಂತೆ ಕಟ್ಟಿ, ಮೆದೆ ಒಟ್ಟುತ್ತಾರೆ. ಅದು ಹಾಗೇ ಕೆಲವು ವಾರ ಕಾವಿನಲ್ಲಿ ಕೂತರೆ ಕಾಳು ಸುಲಭವಾಗಿ ಉದುರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಕಣ ಸಾರಿಸಿ ಬಡಿಯುವುದು. ಮನೆಯ ವರ್ಷದ ಊಟ, ದನಗಳ ವರ್ಷದ ಮೇವು, ಎರಡೂ ಆ ಮೆದೆಯೊಳಗೇ. ಹಳಿಯ ಪಕ್ಕದ ಹೊಲದವರಿಗೆ ತಾತನ ಕಾಲದಿಂದ ಒಂದು ಕಟ್ಟುಪಾಡು. ಇಂಜಿನ್ನಿನ ಕಿಡಿ ಹಾರುವ ಕಡೆ ಮೆದೆ ಒಟ್ಟಬಾರದು. ನಮ್ಮ ಮೆದೆ ಯಾವಾಗಲೂ ಹುಣಸೆ ಮರದ ಆಚೆ, ಮನೆಯ ಹಿಂದೆ. ಗಾಡಿಯಿಂದ ನೋಡಿದರೆ ಕಾಣುವುದೇ ಇಲ್ಲ.

ಆ ಸಲ ಅಪ್ಪ ಮೊದಲ ಕಂತೆಯನ್ನು ಹೊತ್ತವನೇ ಹಳಿಯ ಕಡೆ ನಡೆದ. ಬದುವಿನಿಂದ ಸ್ವಲ್ಪ ಈಚೆಗೆ ನೆಲ ಕೆರೆದು, ಕಲ್ಲು ಹಾಸಿ, ಬುಡ ಹಾಕಿದ. ಅವ್ವ ಎದೆ ಬಡಿದುಕೊಂಡಳು.

"ಬುದ್ಧಿ ಕೆಟ್ಟೈತಾ ನಿಂಗೆ? ಆಚೆಗೆ ಒಟ್ಟು ಅಂದ್ರೆ!"

"ಮೂಡಗಾಳಿ ಬೀಸ್ತಾ ಐತೆ. ಹೊಗೆಯೆಲ್ಲ ಪಡುವಕ್ಕೆ, ಹಳಿ ಆಚೆಗೆ ಓಯ್ತದೆ. ಕಿಡೀನೂ ಅತ್ಲಾಗೇ."

"ಗಾಳಿ ನಿನ್ನ ಮಾತು ಕೇಳ್ತದಾ?"

ಅಪ್ಪ ಕಂತೆಯ ಮೇಲೆ ಕಂತೆ ಇಡುತ್ತಾ, ನಮ್ಮ ಮುಖ ನೋಡದೆ ಹೇಳಿದ. "ಅವನು ಬಿಟ್ಟೋದ ಸಾಲು ಐತಲ್ಲ, ಅದ್ರಾಗೂ ರಾಗಿ ಬೆಳ್ದೈತೆ. ಅದು ಅವನ ಕಣ್ಣಿಗೆ ಬೀಳ್ಬೇಕು. ಮರದ ಹಿಂದೆ ಒಟ್ಟಿದ್ರೆ ಏನು ಕಂಡಾತು?"

ಅವ್ವ ಬಗ್ಗಿ ಒಂದು ಕಂತೆ ಎತ್ತಿ ಕೊಟ್ಟಳು. ನಾನೂ. ಅಷ್ಟು ವರ್ಷ ತಾನಾಗಿ ಮಗನ ಮಾತೆತ್ತದವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದ. ಅದರ ಮುಂದೆ ಗಾಳಿಯ ಮಾತು ಯಾರು ಆಡುತ್ತಾರೆ?

ಮೇಷ್ಟ್ರು ಕೊನೆಯ ಸಲವೆಂದು ಬಂದದ್ದು ಅದೇ ದಿನ. ಬೆಳಗಿನ ಗಾಡಿ ಇಳಿದು ಹೋದ ಮೇಲೆ ಶುರುಮಾಡಿದ ಮೆದೆ ಅವರು ಬರುವಷ್ಟರಲ್ಲಿ ಮುಗಿದಿತ್ತು. ನೆತ್ತಿ ಚೂಪು ಮಾಡಿ, ಮೇಲೆ ಒಂದು ಮಡಕೆ ಕವುಚಿ ಹಾಕಿ, ಹೊಸ ಮದುವೆ ಚಪ್ಪರದ ಹಾಗೆ ಅಪ್ಪ ಸಿಂಗರಿಸಿದ್ದ. ಬಿಳಿ ಪಂಚೆ ಉಟ್ಟಿದ್ದ. "ಇವತ್ತು ನಾನು ಈ ಕಡೆ ಮಖ ಮಾಡಿ ನಿಂತ್ಕತೀನಿ ಮೇಷ್ಟ್ರೇ. ಮೆದೆ ಪಕ್ಕ. ಒಂದು ತೆಗೀರಿ" ಅಂದ. ಮೇಷ್ಟ್ರು ಅಪ್ಪನ ಎರಡೂ ಕೈ ಹಿಡಿದುಕೊಂಡರು. ಆಮೇಲೆ, ಸ್ಟೇಷನ್ನಿಗೆ ಹೋಗಿ ಡ್ರೈವರಿಗೆ ಒಂದು ಮಾತು ಹೇಳಿ ಬರುತ್ತೇನೆ ಅಂದರು. ಅವರ ಕಸುಬಿನಲ್ಲಿ ಅದೊಂದು ಪದ್ಧತಿ. ಇಂಥ ಕಡೆ ಒಳ್ಳೆಯ ಹೊಗೆ ಬಿಡಿ ಅಂತ ಮೊದಲೇ ಕೇಳಿಕೊಳ್ಳುತ್ತಾರೆ, ಹೊಗೆ ಇದ್ದರೆ ಚಿತ್ರ ಚೆಂದ.

"ಮಾದೇಶನಿಗೂ ಹೇಳ್ಲಾ, ನೀವು ನಿಂತಿರ್ತೀರಿ ಅಂತ?"

"ಏಳ್ಬ್ಯಾಡಿ, ಏಳ್ಬ್ಯಾಡಿ" ಅಂದ ಅಪ್ಪ, ಮದುವಣಿಗನಂತೆ ನಾಚಿಕೊಂಡು. "ಅವನೇ ನೋಡ್ಲಿ."

ಗಾಡಿ ಕೂಗಿತು. ಅಪ್ಪನ ಕೈ ತನ್ನಷ್ಟಕ್ಕೆ ತಲೆವಸ್ತ್ರಕ್ಕೆ ಹೋಯಿತು, ಅಲ್ಲೇ ನಿಂತಿತು, ಕೆಳಗಿಳಿಯಿತು. ಹಳಿಗೆ ಮುಖ ಮಾಡಿ ನಿಂತ. ಕಲ್ವರ್ಟು ದಾಟಿದ ಇಂಜಿನ್ನು ಅಷ್ಟು ಹೊಗೆ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ, ಆಕಾಶವೇ ಮುಚ್ಚಿಹೋಯಿತು. ಇಂಜಿನ್ನು ನಮ್ಮ ಮುಂದೆ ಬಂತು. ಅಪ್ಪ ಕೈ ಎತ್ತಿದ. ಮೇಷ್ಟ್ರ ಕ್ಯಾಮೆರಾ ಸದ್ದು ಮಾಡಿತು.

ಕಿಟಕಿಯಲ್ಲಿ ಯಾರೂ ಇರಲಿಲ್ಲ.

ಅವನು ಒಳಗೆ ಬಗ್ಗಿ ಸಲಿಕೆ ಸಲಿಕೆ ಕಲ್ಲಿದ್ದಲು ಸುರಿಯುತ್ತಿದ್ದ. ತನ್ನ ಹೊಲದ ಪಕ್ಕದ ಕೊನೆಯ ಚಿತ್ರ, ಹೊಗೆ ಚೆನ್ನಾಗಿರಲಿ ಅಂತ. ದಿನಾ ಮೊದಲೇ ಮುಗಿಸಿ ಕಿಟಕಿಗೆ ಬರುತ್ತಿದ್ದವನು ಅವತ್ತು ಒಂದೇ ದಿನ ಬರಲಿಲ್ಲ. ಗಾಡಿ ದಾಟಿಹೋಯಿತು. ಅಪ್ಪ ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ತಲೆ ಕೆರೆದುಕೊಂಡ. "ಓಗ್ಲಿ ಬುಡು. ನಾಳೆ ನೋಡ್ತಾನೆ. ಮೆದೆ ಎಲ್ಗೋಯ್ತದೆ" ಅಂದ.

ಮೇಷ್ಟ್ರು ಬಸ್ಸಿಗೆ ಹೊರಟುಹೋದರು. ನಾವು ಮನೆಗೆ ಬಂದು ಊಟಕ್ಕೆ ಕೂತೆವು. ಮೆದೆಗೆ ಕಿಡಿ ಯಾವಾಗ ಬಿತ್ತೋ, ಎಷ್ಟು ಹೊತ್ತು ಒಳಗೇ ಕೂತಿತ್ತೋ. ಪಕ್ಕದ ಹೊಲದ ತಮಿಳಿನ ಅಕ್ಕ, "ಐಯೋ, ಎರಿಯುದೇ! ಮುನಿಯಪ್ಪಣ್ಣಾ, ಎರಿಯುದೇ!" ಅಂತ, ಉರಿಯುತ್ತಿದೆ ಅಂತ, ಕಿರುಚಿಕೊಂಡಾಗ ನಾವು ಕೈ ಕೂಡ ತೊಳೆಯದೆ ಓಡಿದೆವು. ಬಾವಿ ಇದ್ದದ್ದು ಹೊಲದ ಆ ತುದಿಗೆ. ಊರವರು ಕೊಡ ಹಿಡಿದು, ಹೊಂಗೆ ಸೊಪ್ಪು ಹಿಡಿದು ಬಂದರು. ಒಣ ಹುಲ್ಲಿಗೆ ಬಿದ್ದ ಬೆಂಕಿ ಯಾರ ಮಾತು ಕೇಳುತ್ತದೆ? ಮೇಲಿನ ಮಡಕೆ ಸಿಡಿದ ಸದ್ದಿಗೆ ಅವ್ವ ನೆಲಕ್ಕೆ ಕುಸಿದಳು. ಅಪ್ಪ ಉರಿಯುವ ಕಂತೆಗಳನ್ನು ಬರಿಗೈಯಲ್ಲಿ ಎಳೆಯುತ್ತಿದ್ದ. ನಾಲ್ಕು ಜನ ಹಿಡಿದು ಈಚೆಗೆ ತಂದರು.

ಮಾರನೆಯ ದಿನ ಬೆಳಿಗ್ಗೆಯೂ ಮೆದೆಯ ಒಡಲು ಕೆಂಡವಾಗಿಯೇ ಇತ್ತು. ಸುತ್ತಲೂ ಹುರಿಹಿಟ್ಟಿನ ವಾಸನೆ. ಹಸಿದ ಹೊಟ್ಟೆಯಲ್ಲಿ ಆ ವಾಸನೆಗೆ ಬಾಯಲ್ಲಿ ನೀರೂರಿತು, ನಾಚಿಕೆಯಿಂದ ಸತ್ತುಹೋಗಬೇಕೆನ್ನಿಸಿತು. ಅಪ್ಪ ಕೈಗಳಿಗೆ ಎಣ್ಣೆ ಬಟ್ಟೆ ಸುತ್ತಿಕೊಂಡು, ಕೊಕ್ಕೆಯಿಂದ ಬೂದಿ ಕೆದಕುತ್ತಾ ಅರೆಬೆಂದ ತೆನೆಗಳನ್ನು ಬೇರೆ ಮಾಡುತ್ತಿದ್ದ. ಅಷ್ಟರಲ್ಲಿ ಹಳಿಯ ಮೇಲೆ ಸ್ಟೇಷನ್ನಿನ ಕಡೆಯಿಂದ ಮಾದೇಶ ನಡೆದು ಬಂದ. ನೀಲಿ ಬಟ್ಟೆಯಲ್ಲೇ ಬಂದಿದ್ದ. ಬೆಳಗಿನ ಇಳಿಯುವ ಗಾಡಿಯಿಂದ ಕರಿ ನೆಲ ಕಂಡಿತ್ತಂತೆ, ಮಾರಂಡಹಳ್ಳಿಯಲ್ಲಿ ಇಳಿದುಬಿಟ್ಟಿದ್ದ. ಬದುವಿನ ಹತ್ತಿರ ಬೂಟು ಬಿಚ್ಚಿ ಕೈಯಲ್ಲಿ ಹಿಡಿದ. ಒಂದು ಹೆಜ್ಜೆ ಒಳಗೆ ಇಟ್ಟ. ಅಪ್ಪ ಬಗ್ಗಿ ಬೂದಿಯಲ್ಲಿ ಮುಳುಗಿದ್ದ, ಹಳಿಗೆ ಬೆನ್ನು ಹಾಕಿ. ಮಾದೇಶ ಅಲ್ಲೇ ನಿಂತ. ನಾನು ಓಡಿಹೋದೆ.

"ನಾನೇ ಇಟ್ಟ ಬೆಂಕಿ ಲಚ್ಚಿ" ಅಂದ. "ಮೇಷ್ಟ್ರು ಒಗೆ ಕೇಳಿದ್ರು ಅಂತ ಅಷ್ಟು ಆಕ್ದೆ. ಮೆದೆ ಈಚೆಗೈತೆ ಅಂತ ನಂಗೆ ತಿಳೀದು."

"ಅಪ್ಪ ನಿಂಗೇಂತಲೇ ಈಚೆಗೆ ಒಟ್ಟಿದ್ದು ಅಣ್ಣ. ನಿಂಗೆ ಕಾಣ್ಲಿ ಅಂತ. ನೆನ್ನೆ ನಿನ್ನ ಕಡೆ ತಿರುಗಿ ನಿಂತಿತ್ತು, ಕೈ ಎತ್ತಿತ್ತು. ನೀನು ಕಿಟಕೀಗೆ ಬರ್ಲಿಲ್ಲ."

ಅವನು ನನ್ನನ್ನು ನೋಡಿದ ನೋಟ ಇವತ್ತಿಗೂ ಚುಚ್ಚುತ್ತದೆ. ಚಿಕ್ಕವರಿದ್ದಾಗ ಅವನು ಬಿದ್ದು ಮಂಡಿ ಒಡೆದುಕೊಂಡರೆ, "ರಕ್ತ ಬಂದಿಲ್ಲ, ಅಳಬ್ಯಾಡ" ಅಂತ ನಾನು ಸುಳ್ಳು ಹೇಳುತ್ತಿದ್ದೆ. ಅದೇ ಸುಳ್ಳು ಅಂದುಕೊಂಡ.

"ಸಮಾಧಾನ ಏಳ್ಬ್ಯಾಡ ಕಣೆ. ಅಲ್ನೋಡು. ಅದೇ ಬೆನ್ನು" ಅಂದ. ಬೂಟು ಕೈಯಲ್ಲೇ ಹಿಡಿದು ಜಲ್ಲಿಯ ಮೇಲೆ ಬರಿಗಾಲಲ್ಲಿ ನಡೆದುಹೋದ.

ಅಪ್ಪ ಸೊಂಟ ನೆಟ್ಟಗೆ ಮಾಡಿ, "ಯಾರೇ ಅದು?" ಅಂದ. ನಾನು ಹೇಳಿದೆ. ಕೊಕ್ಕೆ ಬಿಸಾಡಿ ಬದುವಿಗೆ ಓಡಿದ. ಮಾದೇಶ ಕಲ್ವರ್ಟು ದಾಟಿದ್ದ. "ಕೂಗಪ್ಪ, ಕೂಗು!" ಅಂದೆ. ಅಪ್ಪ ಬಾಯಿ ತೆರೆದ. ಅಷ್ಟು ವರ್ಷ ನುಂಗಿದ ಹೆಸರು ಹೊರಗೆ ಬರಲಿಲ್ಲ. ನಾನು ಕೂಗಿದೆ. ಅವನು ತಿರುಗಲಿಲ್ಲ.

ಸಂಕ್ರಾಂತಿಯ ಮುಂಚೆ ಮೇಷ್ಟ್ರು ದೊಡ್ಡದಾಗಿ ಮಾಡಿಸಿದ ಆ ಫೋಟೋ ಹಿಡಿದುಕೊಂಡು ನಗುನಗುತ್ತಾ ಬಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಕರಿ ನೆಲ ನೋಡಿ ಬದುವಿನ ಮೇಲೇ ಕೂತುಬಿಟ್ಟರು. "ಹೊಗೆ ಕೇಳಿದವನು ನಾನು ಯಜಮಾನ್ರೇ. ಹರಿದು ಹಾಕಿ ಇದನ್ನ" ಅಂದರು.

"ನೀವು ಒಂದು ತೆನೆ ತುಳಿದೋರಲ್ಲ" ಅಂದ ಅಪ್ಪ. "ಮೆದೆ ಒಟ್ಟಿದೋನು ನಾನು."

ಫೋಟೋವನ್ನು ಎಷ್ಟೋ ಹೊತ್ತು ನೋಡಿದ. ಇಂಜಿನ್ನು, ಹೊಗೆ, ಮೆದೆ, ಅದರ ಪಕ್ಕ ಕೈ ಎತ್ತಿ ನಿಂತ ಅಪ್ಪನ ಮುಖ, ಖಾಲಿ ಕಿಟಕಿ. "ಇದನ್ನ ಅಣ್ಣನಿಗೆ ಕಳಿಸೋಣಪ್ಪ. ನಂಬ್ತಾನೆ" ಅಂದೆ. ನಾನು ಅಷ್ಟು ಬೇಡಿಕೊಂಡದ್ದು ಜೀವಮಾನದಲ್ಲಿ ಇನ್ನೊಂದಿಲ್ಲ. ಅಪ್ಪ ತಲೆ ಅಲ್ಲಾಡಿಸಿದ.

"ಬ್ಯಾಡ. ಇದ್ರಾಗೆ ಅವನಿಗೆ ಮೆದೆ ಕಾಣ್ತದೆ. ನಾನು ಕಾಣಲ್ಲ. ಇರೋ ಸಂಕಟಾನೇ ಸಾಕು ಅವನಿಗೆ."

ಪೆಟ್ಟಿಗೆಯಲ್ಲಿ ಇಡಿಸಿದ. ನಾನಿರುವವರೆಗೆ ತೆಗೆಯಕೂಡದು ಅಂದ.

ಸಣ್ಣ ಗೇಜು ನಿಂತಿತು, ಹಳಿ ಕಿತ್ತರು. ಮಾದೇಶ ತಾನೇ ಕೇಳಿಕೊಂಡು ದೂರದ ದಕ್ಷಿಣದ ಇಂಜಿನ್ ಷೆಡ್ಡಿಗೆ ಹೋದ. ನನ್ನ ಮದುವೆಗೆ ಸೀರೆ ಕಳಿಸಿದ, ಬರಲಿಲ್ಲ. ಅವ್ವ ಹೋಗಿ ನೋಡಿಬಂದಳು, ಕೂತು ಎಲ್ಲವನ್ನೂ ಹೇಳಿದಳು. "ನೀನು ಎತ್ತ ತಾಯಿ, ಅಂಗೇ ಅಂತೀಯ" ಅಂದನಂತೆ. ದೊಡ್ಡ ಹಳಿ ಬಂತು, ಡೀಸೆಲ್ ಗಾಡಿ ಬಂತು. ಅಪ್ಪನಿಗೆ ಹೊಸ ರೂಢಿ ಹತ್ತಿತು. ಯಾವ ಗಾಡಿ ಕೂಗಿದರೂ ಕೈಯ ಕೆಲಸ ಬಿಟ್ಟು ಹಳಿಗೆ ಮುಖ ಮಾಡಿ ನಿಲ್ಲುವುದು. ಅದರಲ್ಲಿ ಮಗ ಇಲ್ಲವೆಂದು ಗೊತ್ತು, ಕಲ್ಲಿದ್ದಲೇ ಇಲ್ಲವೆಂದೂ ಗೊತ್ತು. ಆದರೂ ನಿಲ್ಲುತ್ತಿದ್ದ. ಸುಟ್ಟ ಅಂಗೈ ಕೊನೆಯವರೆಗೂ ಪೂರ್ತಿ ಬಿಚ್ಚಿಕೊಳ್ಳಲಿಲ್ಲ.

ಅಪ್ಪ ತೀರಿಕೊಂಡಾಗ ಮಾದೇಶ ಬಂದ. ಮಣ್ಣು ಮಾಡುವುದು ಮುಗಿದಿತ್ತು. ತಲೆಯೆಲ್ಲ ನರೆತು, ಅಪ್ಪನದೇ ಗೂನು ಬಂದಿತ್ತು. ಎಲ್ಲರೂ ಹೋದ ಮೇಲೆ ನಾನು ಪೆಟ್ಟಿಗೆ ತೆಗೆದೆ. ಅಪ್ಪನ ಮಾತು ಕಿವಿಯಲ್ಲಿತ್ತು, ಅವನಿಗೆ ಮೆದೆ ಕಾಣ್ತದೆ, ನಾನು ಕಾಣಲ್ಲ. ಬಟ್ಟೆ ಬಿಚ್ಚಿ ಫೋಟೋವನ್ನು ಅವನ ಮಡಿಲಲ್ಲಿ ಇಟ್ಟೆ.

ಮೆದೆಯ ಕಡೆಗೆ ಅವನ ಕಣ್ಣೇ ಹೋಗಲಿಲ್ಲ. ಅಷ್ಟು ದೊಡ್ಡ ಮೆದೆ, ಅಷ್ಟು ದೊಡ್ಡ ಇಂಜಿನ್ನು, ಆಕಾಶದ ತುಂಬ ಅವನೇ ಎಬ್ಬಿಸಿದ ಹೊಗೆ. ಯಾವುದನ್ನೂ ನೋಡಲಿಲ್ಲ. ನೇರವಾಗಿ ಅಪ್ಪನ ಮುಖದ ಮೇಲೆ ಬೆರಳಿಟ್ಟ.

"ಲಚ್ಚೀ, ಅಪ್ಪ ತಿರುಗಿತ್ತಾ?" ಅಂದ.